ಕಾರಿನ ಬಾಗಿಲು ತೆರೆಯಬಾರದು

ಹಕ್ಕಿಗಳಿಗೆ ಕಾರಿನ ಭಯವಿಲ್ಲ, ಮನುಷ್ಯರ ಭಯ. ಬಹ್ರೇನಿನಲ್ಲಿ ಹಕ್ಕಿ ನೋಡುವವರು ಮೊದಲು ಕಲಿಯುವ ಪಾಠ ಇದು. ಎಂಜಿನ್ ನಿಲ್ಲಿಸಿ, ಕಿಟಕಿ ಇಳಿಸಿ ಸುಮ್ಮನೆ ಕೂತರೆ ಅವು ಕಾರನ್ನು ಲೆಕ್ಕಕ್ಕೇ ಇಡುವುದಿಲ್ಲ. ಎರಡು ಕಾಲು ನೆಲಕ್ಕೆ ತಾಗಿದವೋ, ಕೆರೆ ಖಾಲಿ.

ಅವಾಲಿ ಊರು ದಾಟಿ ಇನ್ನೂ ಮುಂದೆ ಹೋದರೆ ಮರಳಿನ ನಡುವೆ ಬೇಲಿ ಹಾಕಿದ ವನ್ಯಧಾಮ ಉಂಟು. ಅದರೊಳಗೆ ಜೊಂಡು ಬೆಳೆದ ಒಂದು ಕೆರೆ. ಚಳಿಗಾಲದಲ್ಲಿ ಅಲ್ಲಿಗೆ ಫ್ಲೆಮಿಂಗೊಗಳು ಬರುತ್ತವೆ. ಸಾರ್ವಜನಿಕರನ್ನು ಆ ಕಡೆ ಬಿಡುವುದಿಲ್ಲ. ನನ್ನನ್ನು ಬಿಡುತ್ತಾರೆ. ಅಲ್ಲಿನ ಮೇಲ್ವಿಚಾರಕರು ವಯಸ್ಸಾದ ಬಹ್ರೇನಿ. ಮೊದಲ ಸಲ ಗೇಟಿನಲ್ಲಿ ನಿಲ್ಲಿಸಿ, "ಹಕ್ಕಿಯ ಬಗ್ಗೆ ನಿನಗೇನು ಗೊತ್ತು?" ಎಂದು ಹಿಂದಿಯಲ್ಲಿ ಕೇಳಿದ್ದರು.

"ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೇನೆ" ಎಂದೆ.

ಹಾಗೆ ಹೇಳಲು ನನಗೆ ಸಂಕೋಚವಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬೆಳಿಗ್ಗೆ ನಮ್ಮೂರ ಬಂದರಿನಲ್ಲಿ ಅಮ್ಮನ ಜೊತೆ ಸಿಗಡಿ ಸುಲಿದು, ಕೈಗೆ ಲಿಂಬೆ ಉಜ್ಜಿಕೊಂಡು ಕ್ಲಾಸಿಗೆ ಓಡುತ್ತಿದ್ದೆ. ಲಿಂಬೆಗೆ ಹೋಗುವ ವಾಸನೆಯಲ್ಲ ಅದು. ಮುಂದಿನ ಬೆಂಚಿನವರು ತಿರುಗಿ ನೋಡುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಈಗ ಸಲ್ಮಾನಿಯಾದಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ. ವಾರವಿಡೀ ಸೂಕ್ಷ್ಮದರ್ಶಕ, ಶುಕ್ರವಾರ ಬೆಳಿಗ್ಗೆ ದುರ್ಬೀನು.

ಕಳೆದ ಚಳಿಗಾಲದಲ್ಲಿ ನಮ್ಮ ಕನ್ನಡ ಕೂಟದ ಪಿಕ್‌ನಿಕ್ಕಿಗೆ ಎಲ್ಲರನ್ನೂ ಆ ಕೆರೆಗೆ ಕರೆದುಕೊಂಡು ಹೋಗುತ್ತೇನೆಂದೆ. ಪ್ರತಿ ವರ್ಷ ಅದೇ ಪಾರ್ಕು, ಅದೇ ಹಗ್ಗಜಗ್ಗಾಟ, ಅದೇ ಮೈಕು. ಒಂದು ಸಲ ಬೇರೆ ಏನಾದರೂ ಆಗಲಿ. ಮೇಲ್ವಿಚಾರಕರು ತುಂಬ ಯೋಚಿಸಿ ಒಪ್ಪಿದರು. ಒಂದೇ ಷರತ್ತು: "ಹಕ್ಕಿ ಎದ್ದು ಹಾರಿದರೆ ಖಲಾಸ್. ಆಮೇಲೆ ಅವರೂ ಇಲ್ಲ, ನೀನೂ ಇಲ್ಲ."

ನನ್ನ ಶುಕ್ರವಾರಗಳನ್ನೆಲ್ಲ ಪಣಕ್ಕಿಟ್ಟು ಸರಿ ಎಂದೆ.

ಗೇಟಿನ ಹೊರಗೆ ಎಲ್ಲರಿಗೂ ನಿಯಮ ಹೇಳಿದೆ. ಕೂಟದ ಅಧ್ಯಕ್ಷರಿಗೆ ಟುಬ್ಲಿಯಲ್ಲಿ ಗ್ಯಾರೇಜ್. ಒಳ್ಳೆಯ ಮನುಷ್ಯ, ಸುಮ್ಮನಿರುವುದೊಂದು ಗೊತ್ತಿಲ್ಲ.

"ಎಂತ ಅಕ್ಕ, ವಾರ ಪೂರ್ತಿ ಕಾರಿನ ಅಡಿಯಲ್ಲಿ ಇರುವವ ನಾನು. ರಜೆಯ ದಿನ ಕಾರಿನ ಒಳಗೆ ಕೂರಿಸ್ತೀರಾ?"

"ಕೂರಿಸ್ತೇನೆ. ಬಾಗಿಲು ತೆರೆದರೆ ಹಕ್ಕಿಯೂ ಇಲ್ಲ, ಪರ್ಮಿಶನ್ನೂ ಇಲ್ಲ."

"ಹಕ್ಕಿಗೆ ಇಷ್ಟು ಮರ್ಯಾದೆಯಾ! ನಮ್ಮ ಮಹಾಸಭೆಗೆ ಇಲ್ಲ."

ಎಲ್ಲರೂ ನಕ್ಕರು. ನಗು ಮುಗಿಯುವ ತನಕ ಕಾದು, ಫೋನುಗಳನ್ನು ಸೈಲೆಂಟಿಗೆ ಹಾಕಿಸಿದೆ.

ಮೇಲ್ವಿಚಾರಕರ ಪಿಕಪ್ ಮುಂದೆ, ನಮ್ಮ ಕಾರುಗಳು ಸಾಲಾಗಿ ಹಿಂದೆ. ಕೆರೆಯ ದಂಡೆಯ ಮೇಲೆ ಒಂದರ ಹಿಂದೆ ಒಂದು ನಿಂತೆವು. ಫ್ಲೆಮಿಂಗೊಗಳು ಇದ್ದವು, ನಾನು ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲೇ. ತಲೆ ನೀರೊಳಗೆ, ಕಾಲು ಮಾತ್ರ ತಪತಪ ತುಳಿಯುತ್ತಾ ಇದ್ದಲ್ಲೇ ಸುತ್ತುತ್ತಿದ್ದವು. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ನೆರೆಮನೆಯ ಹುಡುಗಿ ಪಿಸುಗುಟ್ಟಿದಳು, "ಆಂಟಿ, ಆರ್ ದೆ ಡ್ಯಾನ್ಸಿಂಗ್?"

"ಊಟ ಹುಡುಕ್ತಾ ಇವೆ. ಕೆಸರು ತುಳಿದರೆ ಹುಳ ಮೇಲೆ ಬರ್ತದೆ."

ಅಷ್ಟರಲ್ಲಿ ಮುಂದಿನ ಕಾರಿನ ಬಾಗಿಲು ತೆರೆಯಿತು. ಅಧ್ಯಕ್ಷರು ಕೆಳಗಿಳಿದು ಫೋನು ಎತ್ತಿ ಹಿಡಿದು ನೀರಿನತ್ತ ಹೆಜ್ಜೆ ಹಾಕಿದರು. ಕೂಟದ ವಾಟ್ಸಾಪಿಗೆ ಫೋಟೊ ಬೇಕಲ್ಲ.

ಕೆರೆಯ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ತುಳಿತ ನಿಂತಿತು. ಅಂಚಿನಲ್ಲಿದ್ದವು ಕತ್ತು ನೆಟ್ಟಗೆ ಮಾಡಿ ಆಚೆ ನಡೆಯಲು ಶುರುಮಾಡಿದವು. ಇದರ ನಂತರದ್ದು ನನಗೆ ಗೊತ್ತು: ನಡಿಗೆ ಓಟವಾಗುತ್ತದೆ, ಓಟದಲ್ಲಿ ರೆಕ್ಕೆ ಬಿಚ್ಚುತ್ತದೆ. ಪಿಕಪ್ಪಿನ ಕಿಟಕಿಯಿಂದ ಮೇಲ್ವಿಚಾರಕರ ತಲೆ ಹೊರಗೆ ಬಂತು.

ಕೂಗುವಂತಿಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರ ಕೈಯಲ್ಲೇ ಇತ್ತು, ಎತ್ತಿದರು.

"ಅಲ್ಲೇ ಕೂರಿ."

"ಕಾರಿಗೆ ವಾಪಸ್ ಬರ್ತೇನೆ ಅಕ್ಕ..."

"ಬೇಡ. ನೀವು ತಿರುಗಿ ನಡೆದು ಬಾಗಿಲು ಹಾಕಿದರೆ ಎಲ್ಲ ಹಾರ್ತವೆ. ನಿಂತಲ್ಲೇ ಕೂರಿ. ನಿಧಾನ."

"ನೆಲದಲ್ಲಾ? ಕೆಸರು ಮಾರಾಯ್ತಿ!"

"ಕೂರಿ."

ಲ್ಯಾಬಿನಲ್ಲಿ ಹೊಸ ಹುಡುಗರಿಗೆ ಸೂಜಿ ಹಿಡಿಯಲು ಹೇಳಿಕೊಡುವಾಗ ಬರುವ ದನಿ ಅದು. ಅಧ್ಯಕ್ಷರು ಕೂತರು. ಮೊದಲು ಕುಕ್ಕರಗಾಲಿನಲ್ಲಿ, ಆಮೇಲೆ, ಮೊಣಕಾಲು ಸೋತಿರಬೇಕು, ಪೂರ್ತಿ ಚಕ್ಕಳಮಕ್ಕಳ.

ಹಕ್ಕಿಗಳು ನಿಂತವು. ಹಾರಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಅಷ್ಟೂ ಕಾರುಗಳಲ್ಲಿ ಕರಾವಳಿಯವರು, ಬೆಂಗಳೂರಿನವರು, ಯಾರ ಬಾಯಿಂದಲೂ ಮಾತಿಲ್ಲ. ಇಂಥ ಮೌನ ನಮ್ಮವರಲ್ಲಿ ನಾನು ಕಂಡದ್ದಿಲ್ಲ. ನನ್ನ ಲೆಕ್ಕ ತಪ್ಪಿಲ್ಲವೆಂದು ಗೊತ್ತಿತ್ತು. ಕೂತ ಮನುಷ್ಯ ನಿಂತ ಮನುಷ್ಯನಷ್ಟು ದೊಡ್ಡವನಲ್ಲ.

ಒಂದು ತಲೆ ನೀರಿಗಿಳಿಯಿತು. ಇನ್ನೊಂದು. ಆಮೇಲೆ ಎಲ್ಲವೂ. ತುಳಿಯುತ್ತಾ ತುಳಿಯುತ್ತಾ ಅವು ಈಚೆ ದಂಡೆಗೇ ಬಂದವು. ಅಧ್ಯಕ್ಷರ ಮುಂದೆ, ನಾಲ್ಕು ಮಾರು ದೂರದಲ್ಲಿ, ದೊಡ್ಡದೊಂದು ಹಕ್ಕಿ ತಲೆಕೆಳಗಾಗಿಸಿದ ಕೊಕ್ಕಿನಿಂದ ನೀರು ಸೋಸುತ್ತಿತ್ತು. ಇಷ್ಟು ವರ್ಷಗಳಲ್ಲಿ ನನಗೇ ಅಷ್ಟು ಹತ್ತಿರ ಸಿಕ್ಕಿರಲಿಲ್ಲ.

ಮೇಲ್ವಿಚಾರಕರ ಫೋನು ಬಂತು.

"ಆ ಮನುಷ್ಯ ಯಾರು?"

"ನಮ್ಮ ಅಧ್ಯಕ್ಷರು."

"ನೀನು ಹೇಳಿದರೆ ಅಧ್ಯಕ್ಷರೂ ಕೂರ್ತಾರಾ?" ಅವರು ನಗುತ್ತಿದ್ದರು. "ಸರಿ. ಮುಂದಿನ ವರ್ಷವೂ ಕರ್ಕೊಂಡು ಬಾ. ಈಗ ಮಾತ್ರ ಅವರನ್ನು ಎಬ್ಬಿಸಬೇಡ."

ಫೋನು ಇಡುವಷ್ಟರಲ್ಲಿ ಅಧ್ಯಕ್ಷರ ಮೆಸೇಜು: "ಕಾಲು ಜುಂ ಅಂತ ಉಂಟು. ಏಳ್ಬಹುದಾ?"

"ಇಲ್ಲ" ಎಂದು ಬರೆದೆ.

"ಇನ್ನೆಷ್ಟು ಹೊತ್ತು?"

"ಅವು ಹೊಟ್ಟೆ ತುಂಬಿ ಆಚೆ ಹೋಗುವ ತನಕ."

ಅವರು ಬೆನ್ನು ಅಲುಗಿಸದೆ ಫೋನನ್ನು ಕಿಸೆಗೆ ಹಾಕಿ, ಎರಡೂ ಕೈ ತೊಡೆಯ ಮೇಲಿಟ್ಟು ನೆಟ್ಟಗೆ ಕೂತರು.