ಎಂಟನೇ ತಿಂಗಳ ಬದನೆಕಾಯಿ

ಮೊನ್ನೆ ಮೊಮ್ಮಗಳು ಉಗುರಿನ ಬಣ್ಣದ ಸೀಸೆಯನ್ನು ಚಾಪೆಯ ಮೇಲೆ ಉರುಳಿಸಿದಳು. ಮೂಗಿಗೆ ಚುಚ್ಚುವ ಆ ವಾಸನೆಗೆ ಅರಸೀಕೆರೆಯ ಒಂದು ವಠಾರ ನೆನಪಾಯಿತು. ಸಿನಿಮಾ ರೀಲು ಅಂಟಿಸುವ ಗೋಂದಿಗೂ ಅದೇ ವಾಸನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನಾಗ ಪಿಯುಸಿ. ನಮ್ಮೂರು ಕಣಕಟ್ಟೆಯ ಬಸ್ಸು ಬರುವವರೆಗೆ ನಮ್ಮ ಜೀವಶಾಸ್ತ್ರದ ಮೇಡಂ ಮನೆಯಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದೆ. ವಂಶವಾಹಿಯ ಬರಹ ಮೊದಲು ಆರ್‌ಎನ್‌ಎ ಆಗಿ ನಕಲಾಗುತ್ತದೆ, ಆ ನಕಲಿನ ನಡುವಿನ ಬೇಡದ ತುಂಡುಗಳನ್ನು ಜೀವಕೋಶವೇ ಕತ್ತರಿಸಿ ಉಳಿದದ್ದನ್ನು ಜೋಡಿಸುತ್ತದೆ ಎಂಬುದು ಆಗ ಹೊಸ ಸಂಗತಿ. ನಮ್ಮ ಪಠ್ಯದಲ್ಲಿ ಇರಲಿಲ್ಲ. ಅದನ್ನು ತೋರಿಸಲು ಮೇಡಂ ಟಾಕೀಸಿನಿಂದ ರೀಲಿನ ಚೂರುಗಳನ್ನು ತರಿಸಿ ನೆಲದ ಮೇಲೆ ಹರಡಿದ್ದರು. ಗೋಂದನ್ನೂ ತರಿಸಿದ್ದರೋ, ನಾನೇ ಈಗ ಸೇರಿಸುತ್ತಿದ್ದೇನೋ…

ಹೊಸ್ತಿಲಲ್ಲಿ ಪಕ್ಕದ ಮನೆಯ ಸೊಸೆ ಕೂತಿದ್ದಳು, ಮಡಿಲಲ್ಲಿ ಮಗಳು. ಮೂರು ವರ್ಷವಾದರೂ ಮಗುವಿಗೆ ಮಾತು ಬಂದಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಬಸುರಿಯಾಗಿದ್ದಾಗ ಆಕೆ ಗ್ರಹಣದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದ್ದಳು. ಅದರಿಂದಲೇ ಹೀಗಾಯಿತೆಂದು ಅತ್ತೆ ಅವಳಿಗೆ ಈಳಿಗೆಮಣೆ ಮುಟ್ಟಲೂ ಬಿಡುತ್ತಿರಲಿಲ್ಲ. ವಠಾರವೆಲ್ಲ ಅದನ್ನು ನಂಬಿತ್ತು. ಅವಳೂ ನಂಬಿದ್ದಳು.

ಮೇಡಂ ರೀಲನ್ನು ಬೇಕೆಂದೇ ತಪ್ಪು ಜಾಗದಲ್ಲಿ ಕತ್ತರಿಸಿ, "ಹಿಂಗೆ ಒಂದು ಕಡೆ ಕತ್ತರಿ ತಪ್ಪಿದ್ರೆ ಮಗುವಿನ ಮೆದುಳು ಬೆಳೆಯೋದೇ ಬೇರೆ ಥರ ಆಗಬಹುದು," ಎಂದರು.

ಸೊಸೆಯ ಮುಖ ಬಾಡಿತು. "ಹಂಗಾರೆ ನಾ ಹೆಚ್ಚಿದ್ದೇ ತಪ್ಪಾಯ್ತಲ್ಲ, ಮೇಡಮ್ಮೋರೆ."

ಮೇಡಂ ಕತ್ತರಿ ಕೆಳಗಿಟ್ಟರು. "ಗ್ರಹಣದ ದಿನ ನಿಂಗೆ ಎಷ್ಟು ತಿಂಗಳು?"

"ಎಂಟು."

"ನಿನ್ನ ಮಗೂಗೆ ಇದೇ ಆಗಿದ್ಯೋ ಏನೋ, ನಂಗೊತ್ತಿಲ್ಲಮ್ಮ. ಆಗಿದ್ರೂ ಎಲ್ಲಿ ಕತ್ತರಿಸಬೇಕು ಅನ್ನೋ ಬರಹ ಗರ್ಭ ನಿಂತ ದಿನಾನೇ ಬರೆದಾಗಿರುತ್ತೆ. ಎಂಟನೇ ತಿಂಗಳ ಬದನೆಕಾಯಿ ಹಿಂದಕ್ಕೆ ಓಡಿಹೋಗಿ ಮೊದಲನೇ ತಿಂಗಳನ್ನ ಕುಯ್ಯುತ್ತಾ?"

ಅವಳು ಬೆರಳು ಮಡಿಸಿ ಎಣಿಸಿದಳು. ಆಮೇಲೆ ನಕ್ಕಳು… ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಗುವನ್ನು ಎತ್ತಿಕೊಂಡು ನೇರ ಮನೆಗೆ ಹೋದಳು. ಗೋಡೆಯಾಚೆಯಿಂದ ಅವಳ ದನಿ ಕೇಳಿಸಿತು: "ಅತ್ತೆ, ಗ್ರಹಣಕ್ಕೂ ಮುಂಚೇನೇ ಆಗೋಗಿತ್ತಂತೆ. ನಂದಲ್ಲ ತಪ್ಪು."

ಈಳಿಗೆಮಣೆಯನ್ನು ನೆಲದ ಮೇಲೆ ಸರಿಸಿದ ಸದ್ದಾಯಿತು. ಆ ಸದ್ದನ್ನು ನಾನು ವರ್ಷದಿಂದ ವರ್ಷಕ್ಕೆ ಜೋರು ಮಾಡುತ್ತಾ ಬಂದಿದ್ದೇನೋ ಏನೋ.

"ಸರಿ ಬುಡು," ಎಂದರು ಅತ್ತೆ. "ನಾಳೆಯಿಂದ ನೀನೇ ಹೆಚ್ಚು. ನಂಗೂ ಸೊಂಟ ಹಿಡ್ಕೊಂಡೈತೆ."

ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಪರೀಕ್ಷೆ ಪಾಸಾದಾಗಲೂ ನನಗೆ ಅಷ್ಟು ಗೆದ್ದಂತೆ ಅನಿಸಲಿಲ್ಲ.

ತಪ್ಪಿದ ಕತ್ತರಿಯನ್ನು ಸರಿಪಡಿಸುವ ಔಷಧಿಗಳು ಈಗ ಬರುತ್ತಿವೆ. ಮೆದುಳಿನ ಬೆಳವಣಿಗೆಯ ತೊಂದರೆಯಿರುವ ಕೆಲವು ಮಕ್ಕಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದಾರೆ ಎಂದು ಓದಿದೆ. ಹೇಳೋಣವೆಂದರೆ ಮೇಡಂ ಇಲ್ಲ. ಅವರು ತೀರಿಕೊಂಡದ್ದು ಕೂಡ ನನಗೆ ತಡವಾಗಿ ತಿಳಿಯಿತು… ಅದಕ್ಕೇ ಆ ಸೊಸೆಗೆ ಫೋನ್ ಮಾಡಿ ಹೇಳಿದೆ. ಈಗ ಅವರಿಗೇ ಎಪ್ಪತ್ತರ ಹತ್ತಿರ, ಮಗಳು ಜೊತೆಗಿದ್ದಾಳೆ.

"ನಮ್ಮ ಹುಡುಗಿ ಕಾಲಕ್ಕೆ ಬರ್ಲಿಲ್ಲ ಬುಡವ್ವ," ಎಂದರು. "ಔಷ್ದಿ ಕೊಡೋವಾಗ ಆ ಮಕ್ಳ ತಾಯಂದ್ರಿಗೂ ಹೇಳ್ತಾರಾ, ನಿನ್ ತಪ್ಪಲ್ಲ ಅಂತ?"

ನನಗೆ ಗೊತ್ತಿಲ್ಲ ಎಂದೆ.

"ಹೇಳ್ದಿದ್ರೆ ನನ್ ನಂಬರ್ ಕೊಡು. ನಾನ್ ಹೇಳ್ತೀನಿ."