ತೌಡು ತುಂಬಿದ ಟ್ರೇಲರ್

ಕಮಟು ವಾಸನೆ ನನಗೆ ಆಗದು. ಹಳೇ ಕೊಬ್ಬರಿ, ಡಬ್ಬಿಯ ತಳದಲ್ಲಿ ಮರೆತುಹೋದ ಚಕ್ಕುಲಿ, ಕಾಸಿದ್ದನ್ನೇ ಕಾಸಿದ ಎಣ್ಣೆಯ ಮಿರ್ಚಿ, ಯಾವುದಾದರೂ ಸರಿ, ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಎದ್ದುಬಿಡುತ್ತೇನೆ. ಮನೆಯವರು ನಗುತ್ತಾರೆ. ನಗಲಿ. ಮುಗಿದುಹೋದ ಒಂದು ಮನೆಯನ್ನು ಎಳೆದು ತಂದು ಕಣ್ಣ ಮುಂದೆ ನಿಲ್ಲಿಸುವ ವಾಸನೆಯೊಂದು ನಿಮಗೂ ಇದ್ದೀತು. ಹೆಚ್ಚಿನವರಿಗೆ ಅದು ದುಂಡುಮಲ್ಲಿಗೆಯದೋ ಒಗ್ಗರಣೆಯದೋ ಆಗಿರುತ್ತದೆ, ಪುಣ್ಯವಂತರು. ನನ್ನ ಪಾಲಿಗೆ ಬಂದದ್ದು ಕೆಟ್ಟ ತೌಡಿನ ವಾಸನೆ. ಹೋದ ತಿಂಗಳು ಕಂಪ್ಲಿಯ ನಮ್ಮ ಹಳೇ ಅಕ್ಕಿ ಮಿಲ್ಲನ್ನು ಕೊಂಡವರ ಕೈಗೆ ಬಿಟ್ಟುಕೊಡುವ ಮುಂಚೆ ಹಿಂದಿನ ಗೋದಾಮಿನ ಬಾಗಿಲು ತೆಗೆಸಿದೆ. ಬಾಗಿಲು ಒಂದಾಳು ಹಿಡಿಯುವಷ್ಟು ಸರಿದದ್ದೇ ತಡ, ಒಳಗಿನ ಕತ್ತಲೆಯಿಂದ ಆ ವಾಸನೆ ನನ್ನನ್ನೇ ಕಾಯುತ್ತಿದ್ದಂತೆ ಬಂತು. ಸೆರಗು ಮೂಗಿಗೆ ಒತ್ತಿಕೊಂಡು ನಿಂತೆ. ಮೂಲೆಯಲ್ಲಿ, ಇಲಿ ಕಡಿದ ಗೋಣಿಚೀಲಗಳ ಹಿಂದೆ, ಅಪ್ಪ ಕಟ್ಟಿಸಿದ್ದ ಟ್ರೇಲರ್ ಇತ್ತು.

ಆಗ ಮಿಲ್ಲಿನ ಹಿಂದೆಯೇ ನಮ್ಮ ಮನೆ. ಹಾಸಿಗೆ ಕೊಡವಿದರೆ ತೌಡು, ತಲೆ ಬಾಚಿದರೆ ತೌಡು, ಹಾಲಿನ ಕೆನೆಯ ಮೇಲೂ ತೆಳ್ಳಗೆ ತೌಡು. ಮನೆಯಲ್ಲಿ ಅಪ್ಪ, ಅವ್ವ, ನಾನು, ಮತ್ತೆ ನಮ್ಮೆಲ್ಲರ ಮೇಲೆ ಅಜ್ಜಿ, ಅಪ್ಪನ ತಾಯಿ. ಅಜ್ಜಿಯದು ಕಟ್ಟುನಿಟ್ಟಿನ ಲಿಂಗಪೂಜೆ. ಬೆಳಿಗ್ಗೆ ಸೊಸೆ ತಂದಿಟ್ಟ ನೀರು, ಸೊಸೆ ಒರೆಸಿದ ಮಣೆ, ಸೊಸೆ ಕೊಯ್ದ ಪತ್ರಿ ಇಲ್ಲದೆ ಬಾಯಿಗೆ ಹನಿ ನೀರು ಬೀಳುವಂತಿರಲಿಲ್ಲ. ಹೊರಗಿನ ಅನ್ನ ಮುಟ್ಟುತ್ತಿರಲಿಲ್ಲ, ಲಾಡ್ಜು ಎಂದರೆ ಮುಖ ಸಿಂಡರಿಸುತ್ತಿದ್ದಳು. ಹೀಗಾಗಿ ಅವ್ವ ಎಲ್ಲಿಗೆ ಹೋದರೂ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ಮದುವೆಯಾದಾಗಿನಿಂದ ಅವಳು ಬೇರೆ ಕಡೆ ಒಂದು ರಾತ್ರಿ ಮಲಗಿದ್ದಿಲ್ಲ, ಹೆರಿಗೆಗೆ ತವರಿಗೆ ಹೋದದ್ದು ಬಿಟ್ಟರೆ. ಅವಳಿಗೆ ಇದ್ದದ್ದು ಒಂದೇ ಆಸೆ, ಸಮುದ್ರ ನೋಡಬೇಕು. ಗೋಕರ್ಣಕ್ಕೆ ಹೋಗಿಬಂದ ಪಕ್ಕದ ಮನೆಯಾಕೆ ಅದೇನು ಹೇಳಿದ್ದಳೋ, ರೊಟ್ಟಿ ಬಡಿಯುವಾಗಲೂ ಅವ್ವನಿಗೆ ಅದೇ ಧ್ಯಾನ.

ಅಪ್ಪನಿಗೆ ಅವ್ವನ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಅವಳ ಮಾತು ಕೇಳುವಷ್ಟು ಇರಲಿಲ್ಲ, ಅಷ್ಟೆ. ಅಜ್ಜಿಯನ್ನು ಮನೆ ಬಿಡಿಸಲು ಆಗದಿದ್ದರೆ ಮನೆಯನ್ನೇ ಗಾಲಿಯ ಮೇಲೆ ಕೂರಿಸೋಣ ಎಂದು ಅವನು ಹೊರಟ. ಸಂಡೂರಿನ ಅದಿರು ಲಾರಿಯೊಂದರ ಹಳೇ ಆಕ್ಸಲ್ ತಂದ. ಹೊಸಪೇಟೆಯಲ್ಲಿ ವೆಲ್ಡಿಂಗ್ ಅಂಗಡಿಯ ಮುಂದೆ ಚಾಸಿ ಮಾಡಿಸಿದ. ಶಾಲೆಗೆ ರಜೆ ಇದ್ದಾಗ ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಸುಟ್ಟ ಕಬ್ಬಿಣದ ನಾತ, ಕಾಲಿಗೆ ಮೆತ್ತುವ ಕರಿ ಗ್ರೀಸು, ಎಲ್ಲದರ ಮೇಲೂ ಅದಿರಿನ ಕೆಂಪು ಧೂಳು. ನಾನು ಮೂಗು ಮುಚ್ಚಿಕೊಂಡೇ ಕೂತಿರುತ್ತಿದ್ದೆ. ಆದರೆ ಕೆಲಸ ಗಟ್ಟಿ. ಬಂಡೆಯ ಮೇಲಿಂದ ಎಳೆದರೂ ಅಲುಗದಂಥ ಪಟ್ಟಾ ಸ್ಪ್ರಿಂಗು, ಎರಡು ಪದರ ತಗಡಿನ ಗೋಡೆ, ಹಿಂದಿನ ಬಾಗಿಲು ಕೆಳಗೆ ಮಡಚಿದರೆ ಅಡುಗೆ ಕಟ್ಟೆ, ಒಳಗೆ ಅಜ್ಜಿಗೆ ಮಂಚ, ಮಂಚದ ತಲೆಗೆ ಪೂಜೆಯ ಗೂಡು. ಅವ್ವ ಕೇಳಿಕೊಂಡದ್ದು ಒಂದೇ. ಅವಳ ಹತ್ತಿರ ಬಿಗಿ ಮುಚ್ಚಳದ ಗಾಜಿನ ಬಾಟಲಿಯೊಂದಿತ್ತು, ಉಪ್ಪಿನಕಾಯಿಯದು. ಅದನ್ನು ಹುಣಸೆಹಣ್ಣು ಹಚ್ಚಿ, ಬೂದಿ ಹಚ್ಚಿ, ಬಿಸಿಲಿಗಿಟ್ಟು, ಮೂಸಿ ನೋಡಿ, ಮತ್ತೆ ತೊಳೆದು ಒಣಗಿಸಿದ್ದಳು. ಅದು ಬೀಳದಂತೆ ಸರಳು ಹಾಕಿದ ಒಂದು ಗೂಡು ಬೇಕು ಎಂದಳು.

“ಅದರಾಗ ಏನ್ ತರ್ತೀ?” ಎಂದು ಅಪ್ಪ ಕೇಳಿದ.

“ಸಮುದ್ರದ ನೀರು. ಮನಿಗೆ ತಂದು ಒಂದಿನ ಅದರಾಗ ಬ್ಯಾಳಿಸಾರು ಮಾಡ್ತೀನಿ. ಉಪ್ಪು ಹಾಕಂಗಿಲ್ಲ, ನೋಡೋಣು ಹೆಂಗ ಆಗ್ತೈತಿ.”

ಅಪ್ಪ ನಕ್ಕ. ಗೂಡು ಮಾತ್ರ ಮಾಡಿಸಿಕೊಟ್ಟ.

ನಮ್ಮ ಸೀಮೆಯ ಬಿಸಿಲಲ್ಲಿ ತಗಡಿನ ಡಬ್ಬಿ ಹಂಚಿನಂತೆ ಕಾಯುತ್ತದೆ. ಅದಕ್ಕೇ ಎರಡು ತಗಡಿನ ನಡುವೆ ಏನಾದರೂ ತುಂಬಬೇಕಿತ್ತು. ಬೇರೆ ಯಾರೇ ಆಗಿದ್ದರೂ ಭತ್ತದ ಹೊಟ್ಟು ತುಂಬುತ್ತಿದ್ದರು. ಅಪ್ಪ ಬುದ್ಧಿವಂತ. ಗಾಡಿ ಕುಲುಕಿದರೆ ಹೊಟ್ಟು ಕುಸಿದು ಮೇಲೆ ಸಂದಾಗುತ್ತದೆ, ತೌಡಾದರೆ ಗಚ್ಚಾಗಿ ಕೂರುತ್ತದೆ ಎಂದು ಲೆಕ್ಕ ಹಾಕಿ, ತೌಡು ತುಂಬಿಸಲು ನಿಂತ. ಅವ್ವ ಎಮ್ಮೆಗೆ ಮುಸುರೆ ಕಲೆಸುತ್ತಿದ್ದವಳು ಕೈ ಕೊಡವಿಕೊಂಡು ಎದ್ದು ಬಂದಳು.

“ತೌಡು ಬ್ಯಾಡ್ರಿ. ಅದರಾಗ ಎಣ್ಣಿ ಇರ್ತೈತಿ. ನಾಕು ದಿನ ಹೆಚ್ಚಿಗಿ ಇಟ್ರ ಎಮ್ಮಿ ಸೈತ ಮೂಸಂಗಿಲ್ಲ.”

“ಹುಟ್ಟಿದಾಗಿಂದ ಮಿಲ್ಲಿನಾಗ ಅದೀನಿ. ನನಗ ತೌಡಿನ ಪಾಠ ಹೇಳಾಕ ಬಂದ್ಯಾ?” ಎಂದ ಅಪ್ಪ. ಆಳುಗಳೆಲ್ಲ ನಕ್ಕರು.

ಅಪ್ಪ ಸುಳ್ಳು ಹೇಳಿರಲಿಲ್ಲ. ಆದರೆ ಅವನು ಕಂಡದ್ದೆಲ್ಲ ಹೊಸ ತೌಡು, ಬೆಚ್ಚಗೆ, ಸಿಹಿಯಾಗಿ ಘಮಘಮಿಸುವಂಥದ್ದು. ಮಿಷಿನ್ನಿನಿಂದ ಬಿದ್ದದ್ದನ್ನು ಎಣ್ಣೆ ಮಿಲ್ಲಿನ ಲಾರಿ ಬಂದು ಹೊತ್ತೊಯ್ಯುತ್ತಿತ್ತು. ಉಳಿದ ತೌಡು ಏನಾಗುತ್ತದೆ ಎಂದು ತಿಳಿದಿದ್ದವಳು ಕೊಟ್ಟಿಗೆಯಲ್ಲಿದ್ದಳು. ಅವ್ವ ಹೋಗಿ ಮತ್ತೆ ಮುಸುರೆ ಕಲೆಸಿದಳು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿ ಹುಳದಂತೆ ಹರಿಯುತ್ತದೆ.

ಚಳಿಗಾಲದಲ್ಲಿ ಒಮ್ಮೆ ಪರೀಕ್ಷೆಗೆಂದು ಹಂಪಿಗೆ ಹೋದೆವು. ಕಮಲಾಪುರದ ಕೆರೆಯ ಹತ್ತಿರ ಹುಣಸೆಮರದ ಕೆಳಗೆ ಗಾಡಿ ನಿಂತಿತು. ದಾರಿಹೋಕರು ನಾಟಕ ಕಂಪನಿ ಬಂತೆಂದು ಬಗ್ಗಿ ಬಗ್ಗಿ ನೋಡಿ ಹೋದರು. ಅಜ್ಜಿ ತನ್ನ ಗೂಡಿನಲ್ಲೇ ಪೂಜೆ ಮಾಡಿ, ತನ್ನ ಮಂಚದಲ್ಲೇ ಮಲಗಿ, “ಪರವಾಗಿಲ್ಲ” ಎಂದಳು. ಅಜ್ಜಿಯ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಬೆಳಿಗ್ಗೆ ಎದ್ದಾಗ ಅವ್ವ ಅಡುಗೆ ಕಟ್ಟೆಗೆ ಒರಗಿ, ಚಹದ ಲೋಟ ಹಿಡಿದು, ಸುಮ್ಮನೆ ನಿಂತಿದ್ದಳು. ಅವಳು ಕೆಲಸವಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಟ್ರೇಲರಿನ ಬಗ್ಗೆ ನನಗೆ ಹೇಸಿಗೆಯಿಲ್ಲದೆ ನೆನೆಯಲು ಆಗುವುದು ಆ ಒಂದು ಬೆಳಗು ಮಾತ್ರ.

ಬೇಸಿಗೆಗೆ ಸಮುದ್ರ ಎಂದು ಗಟ್ಟಿಯಾಯಿತು. ಅಷ್ಟರಲ್ಲಿ ವಾಸನೆ ಶುರುವಾಗಿತ್ತು. ಮೊದಲು ನನಗೆ ಬಂತು, ನಾನು ಹೇಳಿದೆ. “ನಿಂದು ನಾಯಿಮೂಗು ಲೇ” ಎಂದ ಅಪ್ಪ. ಬಣ್ಣದ ವಾಸನೆ ಎಂದ, ಆಮೇಲೆ ಊದಿನಕಡ್ಡಿ ಹಚ್ಚಿಸಿದ. ಊದಿನಕಡ್ಡಿಯ ಹೊಗೆಯೊಳಗೆ ಕಮಟು ಸೇರಿ ಇನ್ನಷ್ಟು ಅಸಹ್ಯವಾಯಿತು. ತಗಡಿನ ಸಂದುಗಳಲ್ಲಿ ಕಂದು ಎಣ್ಣೆ ಬೆವರಿದಂತೆ ಜಿನುಗಿ, ಅದಕ್ಕೆ ಧೂಳು ಮೆತ್ತಿ ಅಂಟಂಟಾಯಿತು. ಅದನ್ನು ದಿನವೂ ಬಟ್ಟೆ ತಗೊಂಡು ಒರೆಸಿದವಳು ಅವ್ವ. ನಾ ಹೇಳಿರಲಿಲ್ಲವೇ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಹೊರಡುವುದು ನಿಂತೀತೆಂದು ಅವಳಿಗೆ ಅಂಜಿಕೆ.

ಸಂಡೂರು ಅಜ್ಜಿಯ ತವರು. ಅಲ್ಲಿ ಒಂದು ರಾತ್ರಿ ಇದ್ದು ಮುಂದೆ ಹೋಗುವುದೆಂದು ಹೊರಟೆವು. ಮುಂದೆ ಹಿಂದೆ ಅದಿರು ಲಾರಿಗಳು, ಮೈಯೆಲ್ಲ ಕೆಂಪು, ಬಾಯಲ್ಲಿ ಕಬ್ಬಿಣದ ರುಚಿ. ಬಿಸಿಲಿಗೆ ಗಾಡಿಯೊಳಗೆ ಉಸಿರಾಡುವಂತಿರಲಿಲ್ಲ. ನಾರಿಹಳ್ಳದ ದಂಡೆಯಲ್ಲಿ ನಿಲ್ಲಿಸಿದಾಗ ಅವ್ವ ಹಳ್ಳದ ನೀರು ತಂದಿಟ್ಟಳು, ಉಣ್ಣುವ ಮುಂಚೆ ಅಜ್ಜಿ ಪೂಜೆಗೆ ಕೂತಳು. ಗೂಡಿನ ಬಾಗಿಲು ತೆರೆದರೆ ವಿಭೂತಿಯ ಮೇಲೆ ಬಿಳಿ ಹುಳ. ಪತ್ರಿಯ ಮೇಲೆ ಹುಳ, ರೊಟ್ಟಿಯ ಬುಟ್ಟಿಯೊಳಗೆ ಹುಳ, ಮೂಲೆಯ ಸಂದಿನಿಂದ ಒಂದರ ಹಿಂದೊಂದು ತಣ್ಣಗೆ ಇಳಿದು ಬರುತ್ತಿದ್ದವು. ಅಜ್ಜಿ ಹೊರಗೆ ಬಂದವಳೇ ವಾಂತಿ ಮಾಡಿಕೊಂಡಳು. ಅವಳನ್ನು ನೋಡಿ ನಾನೂ.

“ಶಿವ ಶಿವಾ! ಈ ಹೊಲಸಿನಾಗ ನನ್ನ ಲಿಂಗಪೂಜಿ ಇಟ್ಟೀಯಲ್ಲೋ! ತಿರುಗಿಸು ಗಾಡಿ!” ಎಂದಳು ಅಜ್ಜಿ.

ಆಗ ಅವ್ವ ಜೀಪಿನಿಂದ ಪಾನಾ ತೆಗೆದುಕೊಂಡಳು. ಯಾರನ್ನೂ ಕೇಳಲಿಲ್ಲ. ತಗಡಿನ ಬೋಲ್ಟು ಒಂದೊಂದೇ ಬಿಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಒಳಗೆ ಹಾಕಿ ತೌಡು ಬಾಚಿ ಹೊರಗೆ ಎಸೆಯತೊಡಗಿದಳು. ಹೆಂಟೆ ಹೆಂಟೆಯಾಗಿ, ಜೇಡರ ಬಲೆಯಂಥ ಎಳೆ ಸುತ್ತಿಕೊಂಡು, ಹುಳ ಮಿಜಿಮಿಜಿ ಎನ್ನುತ್ತ ಅದು ಬಿತ್ತು. ಅವಳ ಮೊಣಕೈವರೆಗೂ ಅಂಟು, ಬಳೆಗಳ ಸಂದಿನಲ್ಲಿ ಹುಳ. ದಾರಿಯ ಹಸುವೊಂದು ಆಸೆಯಿಂದ ಬಂದು, ಒಮ್ಮೆ ಮೂಸಿ, ತಲೆ ಒದರಿ ಹೊರಟುಹೋಯಿತು. ಅಪ್ಪ ಅದನ್ನು ನೋಡಿದ, ಮುಖ ತಿರುಗಿಸಿದ. ಕೈ ಮಾತ್ರ ಜೋಡಿಸಲಿಲ್ಲ.

ಎಲ್ಲ ಮುಗಿದ ಮೇಲೆ ಅವ್ವ ಹಳ್ಳಕ್ಕಿಳಿದು ಮಣ್ಣು ಹಚ್ಚಿ ಹಚ್ಚಿ ಕೈ ತೊಳೆದು ಬಂದಳು. “ಎಲ್ಲಾ ತೆಗದೀನ್ರಿ. ಒಳಗ ಏನೂ ಉಳದಿಲ್ಲ. ಹೋಗೋಣು ನಡೀರಿ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. ಸಿಟ್ಟಿದ್ದಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊರುತ್ತಿರಲಿಲ್ಲ.

“ಯವ್ವ ಒಪ್ಪಂಗಿಲ್ಲ. ಬರೋ ವರ್ಷ ನೋಡೋಣು” ಎಂದ ಅಪ್ಪ, ಗಾಡಿ ಕಂಪ್ಲಿಯ ಕಡೆ ತಿರುಗಿಸಿದ.

ಬರೋ ವರ್ಷ ಬರಲಿಲ್ಲ. ಅಜ್ಜಿ ಮುಪ್ಪಿನ ಕೊನೆಯವರೆಗೂ ಅದೇ ಮಣೆಯ ಮೇಲೆ ಕೂತಳು, ಅವ್ವ ಅದೇ ನೀರು ತಂದಿಟ್ಟಳು. ಅಜ್ಜಿ ಹೋಗಿ ಇನ್ನೇನು ಬಿಡುವಾಯಿತು ಎನ್ನುವಾಗ ಅವ್ವ ಹಾಸಿಗೆ ಹಿಡಿದಳು, ಮತ್ತೆ ಏಳಲಿಲ್ಲ. ಅಪ್ಪ ಟ್ರೇಲರನ್ನು ಗುಜರಿಗೂ ಹಾಕಲಿಲ್ಲ, ತೊಳೆಸಲೂ ಇಲ್ಲ. ಮನೆಗೆ ಬಂದವರಿಗೆ ಆ ಕತೆ ಹೇಳಿ ನಗಿಸುತ್ತಿದ್ದ: ಹುಳ, ಹಸು, ಅಜ್ಜಿಯ ವಾಂತಿ. ಸಮುದ್ರದ ಮಾತು ಅದರಲ್ಲಿ ಬರುತ್ತಿರಲಿಲ್ಲ. ನನಗೆ ಹುಳಕ್ಕಿಂತ ಆ ಕತೆಯೇ ಹೆಚ್ಚು ಹೇಸಿಗೆ. ಈಗ ಅಪ್ಪನೂ ಇಲ್ಲ, ಜಗಳವಾಡುವುದಕ್ಕೂ ಯಾರೂ ಇಲ್ಲ.

ಮಿಲ್ಲು ಕೊಂಡವರ ಕಡೆಯ ಹುಡುಗನೊಬ್ಬ ಟ್ರೇಲರಿನ ಸುತ್ತ ತಿರುಗಿ ಫೋನಿನಲ್ಲಿ ಫೋಟೋ ಹೊಡೆದ. “ಮಸ್ತ್ ಐತ್ರಿ ಮೇಡಂ. ಹಂಪಿ ಕಡೆ ರೆಸಾರ್ಟಿಗೆ ಇಟ್ರ ಮಂದಿ ಸಾಲು ಹಚ್ಚತಾರ. ವಾಸನಿಗೆ ಸ್ಪ್ರೇ ಹೊಡದ್ರ ಆತು” ಎಂದ. ಅಪ್ಪನ ಊದಿನಕಡ್ಡಿ ನೆನಪಾಗಿ ಮೈ ಉರಿಯಿತು. ಉಸಿರು ಬಿಗಿಹಿಡಿದು ಟ್ರೇಲರಿನೊಳಗೆ ಹೋದೆ. ಮಂಚದ ಹಲಗೆ ಮುರಿದಿತ್ತು, ಪೂಜೆಯ ಗೂಡಿನಲ್ಲಿ ಇಲಿಹಿಕ್ಕೆ. ಅವ್ವನ ಗೂಡಿನ ಸರಳು ಮಾತ್ರ ನೆಟ್ಟಗಿತ್ತು. ಅದರ ಹಿಂದೆ ಬಾಟಲಿ, ಮೇಲೆಲ್ಲ ಅಂಟು, ಕೆಂಪು ಧೂಳು.

ಹೊರಗೆ ಬೆಳಕಿಗೆ ತಂದೆ. ಮುಚ್ಚಳ ಸುಲಭಕ್ಕೆ ಬರಲಿಲ್ಲ, ಸೆರಗು ಸುತ್ತಿ ತಿರುಗಿಸಿದೆ. ಒಳಗೆ ಗಾಜು ತಿಳಿಯಾಗಿತ್ತು. ಮುಖ ಸಿಂಡರಿಸಿಕೊಂಡೇ ಮೂಗಿನ ಹತ್ತಿರ ಹಿಡಿದೆ. ಉಪ್ಪಿನಕಾಯಿಯದಿಲ್ಲ, ತೌಡಿನದಿಲ್ಲ, ಯಾವ ವಾಸನೆಯೂ ಇರಲಿಲ್ಲ. ಅಷ್ಟು ಚೆನ್ನಾಗಿ ತೊಳೆದಿದ್ದಳು.

ಗೋದಾಮಿನ ಗಾಳಿ ಒಳಗೆ ಹೋದೀತೆಂದು ಬೇಗನೆ ಮುಚ್ಚಳ ಬಿಗಿದೆ.