ತಲೆಕೆಳಗು ಮಾಡು, ಮೈನಸ್ ತೆಗಿ

ದಾವಣಗೆರೆಯ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಗಣಿತ ಕಲಿಸಿದ ನಾನು, ಎರಡು ಸಾವಿರದ ಆರರ ಸುಮಾರಿಗೆ ಪರದೇಶದ ಗೊಥೆನ್‌ಬರ್ಗಿನ ವಯಸ್ಕರ ಶಾಲೆಯೊಂದರಲ್ಲಿ ಮತ್ತೆ ಬೆಂಚಿನ ಮೇಲೆ ಕೂತೆ. ಗಂಡನಿಗೆ ಅದೇ ಊರಿನ ಲಿಂಡ್‌ಹೋಲ್ಮೆನ್ ಬಡಾವಣೆಯಲ್ಲಿ ಕೆಲಸ. ನನಗೆ ಇಲ್ಲಿಯೂ ಟೀಚರ್ ಆಗಬೇಕಿತ್ತು. ಅದಕ್ಕೆ ಮೊದಲು ಇಲ್ಲಿನ ಗಣಿತ ಪಾಸಾಗಬೇಕಿತ್ತು. ಬೀಜಗಣಿತ ತಾನೇ, ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೆ.

ಮೊದಲ ಪರೀಕ್ಷೆಯಲ್ಲಿ ಎರಡು ಬೈ ಮೂರಕ್ಕೆ ಮೈನಸ್ ಎರಡು ಘಾತ ಕೊಟ್ಟಿದ್ದರು. ಒಂಬತ್ತು ಬೈ ನಾಲ್ಕು ಅಂತ ಒಂದೇ ಸಾಲು ಬರೆದು, ಎಲ್ಲರಿಗಿಂತ ಮೊದಲು ಎದ್ದು ಬಂದೆ. ಅಂಥ ಲೆಕ್ಕಗಳಿಗೆಲ್ಲ ಅರ್ಧ ಅಂಕ! ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರು ನನಗಿಂತ ಹತ್ತು ವರ್ಷ ಚಿಕ್ಕವನು. ಇಲ್ಲಿನವರು ಫಿಕಾ ಎನ್ನುವ ವಿರಾಮದಲ್ಲಿ ಕಾಫಿ ಕುಡಿಯುತ್ತಿದ್ದವನ ಮುಂದೆ ಪೇಪರು ಹಿಡಿದು ಜಗಳಕ್ಕೆ ನಿಂತೆ.

"ಉತ್ತರ ಸರಿಯಾಗಿದೆ," ಎಂದ ಸಮಾಧಾನವಾಗಿ. "ಆದರೆ ಭಿನ್ನರಾಶಿ ಯಾಕೆ ತಲೆಕೆಳಗಾಯಿತು?"

"ಅದು ರೂಲು."

"ಸರಿ, ಆ ರೂಲು ಯಾಕೆ?"

ದಾವಣಗೆರೆಯಲ್ಲಿ ಇಡೀ ಕ್ಲಾಸಿನ ಕೈಲಿ 'ತಲೆಕೆಳಗು ಮಾಡು, ಮೈನಸ್ ತೆಗಿ' ಅಂತ ಗಿಣಿಪಾಠ ಹೇಳಿಸಿದವಳು ನಾನು. ಮುಂದಿನ ವಾರ ಬೋರ್ಡಿನ ಮುಂದೆ ವಿವರಿಸಿದರೆ ಉಳಿದ ಅಂಕ ಕೊಡುತ್ತೇನೆ ಎಂದ. ಆ ಅಂಕವಿಲ್ಲದೆ ನಾನು ಪಾಸಾಗುತ್ತಿರಲಿಲ್ಲ.

ಮನೆಗೆ ಬಂದರೆ ಗಂಡನ ತಮಾಷೆ. "ಏನ್ ಟೀಚರಮ್ಮಾ, ಮುಖ ಊದ್ಕೊಂಡಿದೆ? ಮಾರ್ಕ್ಸ್ ಕಮ್ಮಿ ಬಂತಾ?"

"ನಗ್ಬೇಡ್ರೀ. ನೀವು ಇಂಜಿನಿಯರ್ ತಾನೇ? ಮೈನಸ್ ಪವರ್ ಬಂದ್ರೆ ಯಾಕ್ ಉಲ್ಟಾ ಮಾಡ್ತೀವಿ, ಹೇಳಿ ನೋಡೋಣ."

ಅವರು ತಲೆ ಕೆರೆದುಕೊಂಡರು. "ಯಾಕಂದ್ರೆ... ಅಯ್ಯೋ, ನಮಗೆ ಹಂಗೇ ಅಲ್ವೇನೇ ಹೇಳ್ಕೊಟ್ಟಿದ್ದು?"

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಎರಡರ ಘಾತಗಳನ್ನು ಒಂದರ ಕೆಳಗೊಂದು ಬರೆದೆ. ಘಾತ ಮೂರಾದರೆ ಎಂಟು, ಎರಡಾದರೆ ನಾಲ್ಕು, ಒಂದಾದರೆ ಎರಡು, ಸೊನ್ನೆಯಾದರೆ ಒಂದು. ಒಂದೊಂದು ಮೆಟ್ಟಿಲು ಇಳಿದಾಗಲೂ ಎರಡರಿಂದ ಭಾಗಿಸುತ್ತಿದ್ದೇವೆ. ಹಾಗಾದರೆ ಇನ್ನೊಂದು ಮೆಟ್ಟಿಲು ಇಳಿದು ಮೈನಸ್ ಒಂದಕ್ಕೆ ಬಂದರೆ ಅರ್ಧ, ಮತ್ತೊಂದಕ್ಕೆ ಕಾಲು! ಎರಡು ಬೈ ಮೂರಕ್ಕೂ ಅದೇ ಕಥೆ. ಒಂದನ್ನು ಅದರಿಂದ ಭಾಗಿಸಿದರೆ ತಾನಾಗಿ ಮೂರು ಬೈ ಎರಡು, ಇನ್ನೊಮ್ಮೆ ಭಾಗಿಸಿದರೆ ಒಂಬತ್ತು ಬೈ ನಾಲ್ಕು. ಇಷ್ಟೇನಾ! ಖುಷಿ ತಡೆಯಲಾರದೆ ಗಂಡನನ್ನು ಕೂಗಿ ಕರೆದೆ.

ಮುಂದಿನ ವಾರ ಬೋರ್ಡಿನ ಮೇಲೆ ಅದನ್ನೇ ಬರೆದು ವಿವರಿಸಿದೆ. ಮೇಷ್ಟ್ರು ಪೂರ್ತಿ ಅಂಕ ಹಾಕಿದ. ಪಾಸಾದೆ.

"ನಿಮ್ಮ ವಿದ್ಯಾರ್ಥಿಗಳಿಗೂ ಹೀಗೇ ವಿವರಿಸುತ್ತಿದ್ದಿರಾ?" ಎಂದು ಕೇಳಿದ.

ಇಲ್ಲವೆಂದೆ.

"ಯಾಕೆ ಅಂತ ಅವರು ಕೇಳುತ್ತಿರಲಿಲ್ಲವೇ?"

ನಾಚಿಕೆಯಿಂದ ಬೋರ್ಡು ಒರೆಸತೊಡಗಿದೆ. ಕೇಳುತ್ತಿದ್ದರು. ಕೇಳಿದವರನ್ನು ನಾನು ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದೆ.